ಒಂದು ಕಣ ಧೂಳೂ ಉಳಿಯಕೂಡದು

ಸಹಿ ಸಾಹೇಬರು ಹಸಿರು ಶಾಯಿಯಲ್ಲಿ ಬರೆದು ಕಳಿಸಿದ್ದ ಕಾಗದದಲ್ಲಿ ಇದ್ದದ್ದು ಒಂದೇ ವಾಕ್ಯ. 'ಪುಸ್ತಕದ ಯಾವ ಪುಟದಲ್ಲೂ ಒಂದು ಕಣ ಧೂಳೂ ಉಳಿಯಕೂಡದು.' ಅದರ ಅಡಿಗೆ ಎರಡು ಗೆರೆ. ಅದರ ಕೆಳಗೆ ಸಹಿ. ಅಂತಿಂಥ ಸಹಿಯಲ್ಲ, ಕಾಗದದ ಅರ್ಧವನ್ನು ಅದೊಂದೇ ನುಂಗಿ ನೀರು ಕುಡಿದಿತ್ತು.

ಪ್ರೆಸ್ಸಿನಲ್ಲಿ ಎಲ್ಲರೂ ಸ್ಕ್ಯಾನರ್ ಅಕ್ಕ ಎಂದು ಕರೆಯುವ ಹೆಂಗಸು ಆ ಕಾಗದವನ್ನು ಎರಡು ಸಲ ಓದಿ, ಮಡಚಿ, ಮೇಜಿನ ಖಾನೆಯೊಳಗೆ ಇಟ್ಟಳು. ಹಳೆಯ ಫೋಟೋ, ಹಳೆಯ ಫಿಲಂ, ಗೆದ್ದಲು ತಿಂದ ನಕ್ಷೆ, ಏನೇ ಬರಲಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಅದರ ಕೊಳೆ ತೆಗೆದು ಅಚ್ಚಿಗೆ ಸಿದ್ಧ ಮಾಡುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡಿ ಕತ್ತು ಒಂದು ಕಡೆಗೆ ವಾಲಿಬಿಟ್ಟಿತ್ತು. ಧೂಳು ಎಂದರೆ ಪ್ರೆಸ್ಸಿನವರಿಗೆ ಧೂಳು, ಅಷ್ಟೆ. ಅವಳು ಬೆಳೆದ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥ ಇತ್ತು. ಅದು ಸಹಿ ಸಾಹೇಬರಿಗೂ ಗೊತ್ತಿತ್ತು, ಏಕೆಂದರೆ ಆ ಅರ್ಥ ಕೊಟ್ಟವರೇ ಅವರು.

'ನೌಕೆ ಹನ್ನೊಂದು' ಎಂದರೆ ದಿನಪತ್ರಿಕೆಯೊಂದರ ಕೊನೆಯ ಪುಟದಲ್ಲಿ, ದಿನಕ್ಕೆ ಮೂರು ಚೌಕದ ಒಂದು ಪಟ್ಟಿಯಂತೆ, ಹದಿನೆಂಟು ವರ್ಷ ಬಂದ ಬಾಹ್ಯಾಕಾಶದ ಚಿತ್ರಕಥೆ. ದಾರಿ ತಪ್ಪಿದ ನೌಕೆ, ಒಳಗೆ ಚೂಪು ಗದ್ದದ ಕ್ಯಾಪ್ಟನ್ನು, ಎಲ್ಲಿ ಇಳಿದರೂ ಕಾದು ನಿಂತ ಒಂದು ರಾಕ್ಷಸ ಯಂತ್ರ. ಭೂಮಿಗೆ ಮರಳುವ ದಾರಿ ಮಾತ್ರ ಕೊನೆತನಕ ಸಿಗಲೇ ಇಲ್ಲ. ಕ್ಯಾಪ್ಟನ್ನನ ಮುಖ ಬರೆದವರು ಸಹಿ ಸಾಹೇಬರು. ನೌಕೆ ಬರೆದವನು ಇನ್ನೊಬ್ಬ, ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆದವನು ಮತ್ತೊಬ್ಬ, ಆಕಾಶಕ್ಕೆ ಕಪ್ಪು ತುಂಬಿ ಅದರ ಮೇಲೆ ನಕ್ಷತ್ರ ಹಾಕಿದವನು ಸ್ಕ್ಯಾನರ್ ಅಕ್ಕನ ಅಪ್ಪ. ಕೈ ನಾಲ್ಕು ಜನರದು, ಸಹಿ ಒಬ್ಬರದು. 'ಸಹಿ ಸಾಹೇಬರು' ಎಂಬ ಹೆಸರು ಅವರ ಸ್ಟುಡಿಯೋದಲ್ಲಿ, ಅವರ ಬೆನ್ನ ಹಿಂದೆ ಹುಟ್ಟಿದ್ದು ಅದಕ್ಕೇ.

ನಕ್ಷತ್ರ ಹಾಕುವ ಕ್ರಮ ಹೀಗಿತ್ತು. ಹಲ್ಲುಜ್ಜುವ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ, ಒಮ್ಮೆ ಒದರಿ, ಹೆಬ್ಬೆರಳಿನ ಉಗುರಿನಿಂದ ಅದರ ಎಳೆಗಳನ್ನು ಹಿಂದಕ್ಕೆ ಎಳೆದು ಬಿಟ್ಟರೆ ಕಪ್ಪಿನ ಮೇಲೆ ಸಣ್ಣ ಸಣ್ಣ ಚುಕ್ಕಿ ಹಾರಿ ಕೂರುತ್ತದೆ. ನೋಡಿದವರಿಗೆ ಮಕ್ಕಳಾಟ. ಸಹಿ ಸಾಹೇಬರಿಗೂ ಹಾಗೇ ಕಂಡಿತು. ಮೂರನೇ ಚೌಕಕ್ಕೆ ಧೂಳು ಹೊಡೆದಾಯಿತೇನಯ್ಯಾ ಎಂದು ಒಂದು ದಿನ ಕೇಳಿದರು. ಅಂದಿನಿಂದ ಸ್ಟುಡಿಯೋದಲ್ಲಿ ನಕ್ಷತ್ರಕ್ಕೆ ಧೂಳು ಎಂದೂ, ಅದನ್ನು ಹೊಡೆಯುವವನಿಗೆ ಧೂಳಪ್ಪ ಎಂದೂ ಹೆಸರಾಯಿತು. ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಮನೆಗೆ ಬಂದು ಅದನ್ನೇ ಹೇಳಿ ನಗಿಸುತ್ತಿದ್ದ. ಒಂದು ಬೆಳಿಗ್ಗೆ ಅತ್ತೆಯ ಮಗಳ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಆಕಾಶದ ಬ್ರಷ್ಷಿನಲ್ಲೇ ಹಲ್ಲುಜ್ಜಿಬಿಟ್ಟ. ಆ ಮದುವೆಯ ಫೋಟೋದಲ್ಲಿ ಇಂದಿಗೂ ಎಲ್ಲರಿಗಿಂತ ಬೆಳ್ಳಗೆ ನಗುತ್ತಿರುವವನು ಅವನೇ.

ಆದರೆ ಅವನು ಮಾಡುತ್ತಿದ್ದದ್ದು ಬರೀ ಬ್ರಷ್ಷಿನ ಕೆಲಸವಲ್ಲ. ನೌಕೆ ಎಡಕ್ಕೆ ತಿರುಗಿದರೆ ಅವನ ಆಕಾಶವೂ ತಿರುಗುತ್ತಿತ್ತು. ನಿನ್ನೆ ಮೂಲೆಯಲ್ಲಿದ್ದ ಚುಕ್ಕಿಗಳ ಗುಂಪು ಇವತ್ತು ಒಂದು ಬೆರಳು ಸರಿದಿರುತ್ತಿತ್ತು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ನೌಕೆಯ ಬಾಲದ ಕಡೆ ಒಂದು ಚುಕ್ಕಿ ಇಡುತ್ತಿದ್ದ. ಅದು ಬ್ರಷ್ಷಿನದಲ್ಲ. ಹೆಂಡತಿಯ ತಲೆಯಿಂದ ಕದ್ದ ಹೇರ್‌ಪಿನ್ನಿನ ತುದಿಯದು. ಪಿನ್ನಿನ ಎರಡು ಕಾಲು ಕೂಡಿದ ತುದಿಯನ್ನು ಬಿಳಿಗೆ ತಾಗಿಸಿ ಒತ್ತಿದರೆ ಚುಕ್ಕಿ ದುಂಡಗೆ ಬರುವುದಿಲ್ಲ, ಎಳ್ಳುಕಾಳಿನ ಹಾಗೆ ಒಂದು ಕೂದಲೆಳೆ ಉದ್ದ ಬರುತ್ತದೆ. ಕಥೆ ಬರೆದವರು ಹೇಳಿದ್ದಲ್ಲ, ಸಾಹೇಬರು ಹೇಳಿದ್ದಲ್ಲ. ನೌಕೆ ಎಲ್ಲಿಗೇ ಹೋಗಲಿ, ಹೊರಟ ಮನೆ ಅದರ ಬೆನ್ನ ಹಿಂದೆ ಎಲ್ಲೋ ಒಂದು ಕಡೆ ಇರಲೇಬೇಕಲ್ಲ ಎಂದು ಅವನಿಗೆ ಅನಿಸಿತು, ಇಟ್ಟ. ಪಿನ್ನು ಕಳೆದುಹೋಯಿತೆಂದು ಅಮ್ಮ ಬೈದುಕೊಂಡು ಮನೆಯೆಲ್ಲ ಗುಡಿಸುತ್ತಿದ್ದಳು. ಕಳ್ಳ ಯಾರೆಂದು ಅವಳಿಗೆ ಗೊತ್ತಾದದ್ದು ಬಹಳ ಆಮೇಲೆ.

ಅದನ್ನು ಮೊದಲು ಕಂಡುಹಿಡಿದವರು, ಮನೆ ಚುಕ್ಕಿ ಎಂದು ಹೆಸರಿಟ್ಟವರು ಓದುವ ಮಕ್ಕಳು. ಕಥೆ ಆಮೇಲೆ, ಮೊದಲು ಮನೆ ಚುಕ್ಕಿ ಹುಡುಕಬೇಕು. ಪತ್ರಿಕೆಗೆ ಕಾಗದ ಬರತೊಡಗಿದವು. ಒಂದು ವಾರ ನಲವತ್ತು ಬಂದವು, ಮೇಲೆ ವಿಳಾಸ 'ಮನೆ ಚುಕ್ಕಿ ಹಾಕುವವರಿಗೆ'. ಸಹಿ ಸಾಹೇಬರು ನಾಲ್ಕು ಒಡೆದು ಓದಿದರು, ಉಳಿದವನ್ನು ಬುಟ್ಟಿಗೆ ಹಾಕಿದರು. ಸೋಮವಾರ ಅಪ್ಪ ಕೆಲಸಕ್ಕೆ ಹೋದರೆ ಕೂರಲು ಸ್ಟೂಲಿಲ್ಲ. ಧೂಳು ಹೊಡೆಯೋದಕ್ಕೆ ಯಾರಾದರೂ ಆಗುತ್ತಾರೆ ಎಂದಷ್ಟೇ ಹೇಳಿದರಂತೆ. ಹನ್ನೊಂದು ವರ್ಷದ ಕೆಲಸಕ್ಕೆ ಅಷ್ಟೇ ಮಾತು ಸಾಕಾಯಿತು. ಆಮೇಲೆ ಅಪ್ಪ ಸಾಯುವ ತನಕ ತಗಡಿನ ಬೋರ್ಡು ಬರೆದ. 'ಇಲ್ಲಿ ಗಾಡಿ ನಿಲ್ಲಿಸಬೇಡಿ.' 'ನಾಯಿ ಇದೆ.' ಹೊಸಬ ಹಾಕಿದ ಮನೆ ಚುಕ್ಕಿಯನ್ನು ಪತ್ರಿಕೆಯಲ್ಲಿ ಒಂದೇ ಒಂದು ದಿನ ನೋಡಿದ. ಗುಂಡಗಿದೆ ಎಂದ. ಮತ್ತೆ ಕೊನೆಯ ಪುಟ ತಿರುಗಿಸಲಿಲ್ಲ.

ಅವನು ಸತ್ತು ಎರಡು ವರ್ಷವಾದ ಮೇಲೆ ಸಹಿ ಸಾಹೇಬರು ಟೀವಿಯಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ, ಎಲ್ಲ ಮುಗಿದ ಮೇಲೆ ಕೊನೆಗೆ ಕೈಯಾರೆ ಒಂದು ಚುಕ್ಕಿ ಇಡುತ್ತಿದ್ದೆ, ಅದು ನನ್ನ ಮನೆ ಎಂದರು. ಅಮ್ಮ ಎದ್ದು ಟೀವಿ ಆರಿಸಿದಳು. ಮಗಳು ಆ ಮಾತನ್ನು ಮರೆಯಲಿಲ್ಲ.

ಈಗ ಚಿತ್ರಕಥೆಗೆ ಐವತ್ತು ತುಂಬಿ, ಪ್ರಕಾಶಕನೊಬ್ಬ ದಪ್ಪ ರಟ್ಟಿನ ಪುಸ್ತಕ ತರಲು ಹೊರಟಿದ್ದ. ಆರಿಸಿದ್ದು ಒಂಬೈನೂರು ಪಟ್ಟಿ, ಎಲ್ಲವೂ ಮೊದಲ ಹನ್ನೊಂದು ವರ್ಷದವು. ಆಮೇಲಿನವು ಯಾಕೋ ಸಪ್ಪೆ ಎಂದು ಎಲ್ಲರೂ ಒಪ್ಪಿದರು. ಯಾಕೆ ಸಪ್ಪೆ ಎಂದು ಒಬ್ಬನೂ ಕೇಳಲಿಲ್ಲ. ಮೂಲ ಚಿತ್ರಗಳು ಹೋಗಿದ್ದವು, ಉಳಿದಿದ್ದದ್ದು ಪತ್ರಿಕೆಯವರು ಅಚ್ಚಿಗಾಗಿ ತೆಗೆದಿದ್ದ ನೆಗೆಟಿವ್ ಫಿಲಂ ಹಾಳೆಗಳು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಕಪ್ಪು ಆಕಾಶ ಗಾಜಿನಂತೆ ತಿಳಿಯಾಗಿರುತ್ತದೆ, ಬಿಳಿ ನಕ್ಷತ್ರ ಕಪ್ಪು ಚುಕ್ಕಿಯಾಗಿರುತ್ತದೆ. ಐವತ್ತು ವರ್ಷ ಡಬ್ಬಿಯಲ್ಲಿ ಕೂತ ಧೂಳೂ ಕಪ್ಪು ಚುಕ್ಕಿಯೇ. ಧೂಳು ತೆಗೆಯಲು ಕಂಪ್ಯೂಟರಿನಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಒಂದು ಕ್ಷಣದಲ್ಲಿ ಸಣ್ಣದೆಲ್ಲ ಮಾಯ. ಅದಕ್ಕೆ ನಕ್ಷತ್ರ ಯಾವುದು, ಕಸ ಯಾವುದು ಗೊತ್ತಾಗುವುದಿಲ್ಲ.

ಸ್ಕ್ಯಾನರ್ ಅಕ್ಕ ಗುಂಡಿ ಒತ್ತಲಿಲ್ಲ. ನಾಲ್ಕು ತಿಂಗಳು, ಚುಕ್ಕಿ ಚುಕ್ಕಿಯನ್ನೂ ಹಿಗ್ಗಿಸಿ ನೋಡಿದಳು. ಅಂಚು ಒರಟಾಗಿದ್ದರೆ ಧೂಳು, ದುಂಡಗಿದ್ದರೆ ಅಪ್ಪ, ಎಳ್ಳಿನಂತೆ ಉದ್ದವಿದ್ದರೆ ಅಪ್ಪನ ಮನೆ ಚುಕ್ಕಿ. ಅಪ್ಪನ ಚುಕ್ಕಿಗಳು ಕೈತಪ್ಪಿ ಅಳಿದುಹೋದಾವು ಎಂಬ ಹೆದರಿಕೆಗೆ ಅವನ್ನೆಲ್ಲ ಆರಿಸಿ ಬೇರೆಯೇ ಒಂದು ಪದರದಲ್ಲಿ ಇಟ್ಟಳು. ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಕೆಳಗಿನದರಲ್ಲಿ ನೌಕೆ, ಕ್ಯಾಪ್ಟನ್ನು, ಕಪ್ಪು ಆಕಾಶ. ಮೇಲಿನದರಲ್ಲಿ ಬರೀ ನಕ್ಷತ್ರ. ಅಕ್ಕಾ, ಗುಂಡಿ ಒತ್ತಿ ಮುಗಿಸಬಾರದಾ, ಕಣ್ಣು ಹಾಳುಮಾಡಿಕೊಳ್ತೀಯ ಎಂದು ಪ್ರೆಸ್ಸಿನ ಯಜಮಾನ ದಿನಕ್ಕೊಂದು ಸಲ ಗೊಣಗುತ್ತಿದ್ದ. ಕಣ್ಣು ನನ್ನದು, ನಿನ್ನ ಕರೆಂಟ್ ಬಿಲ್ಲಿನ ಚಿಂತೆ ನೀನು ಮಾಡು ಎನ್ನುತ್ತಿದ್ದಳು.

ಕೆಲಸ ಮುಗಿದಾಗ ಅವಳಿಗೆ ಬೇಕಾಗಿದ್ದದ್ದು ಒಂದೇ ಸಾಲು. ಪುಸ್ತಕದ ಮೊದಲ ಪುಟದಲ್ಲಿ, ಎಷ್ಟೇ ಸಣ್ಣ ಅಕ್ಷರದಲ್ಲಾದರೂ ಸರಿ, ನಕ್ಷತ್ರ ಹಾಕಿದವರು ಇಂಥವರು ಎಂದು. ಕೇಳಲು ತಾನೇ ಸಾಹೇಬರ ಮನೆಗೆ ಹೋದಳು. ಗೋಡೆಯ ತುಂಬ ಕ್ಯಾಪ್ಟನ್ನನ ಗದ್ದ. ಎಂಬತ್ತು ದಾಟಿದ್ದರೂ ಸಾಹೇಬರು ಕಪ್ಪು ಕೋಟಿನಲ್ಲಿ ನೆಟ್ಟಗೆ ಕೂತಿದ್ದರು. ತಾನು ಯಾರ ಮಗಳು ಎಂದು ಹೇಳಿ, ಬೇಕಾದದ್ದನ್ನು ಕೇಳಿದಳು.

"ಓ, ಧೂಳಪ್ಪನ ಮಗಳಾ?" ಸಾಹೇಬರು ನಕ್ಕರು. "ಒಳ್ಳೆ ಮನುಷ್ಯ. ಆದ್ರೆ ನೋಡಮ್ಮಾ, ಧೂಳು ಹೊಡೆದವರು, ಟೀ ತಂದವರು, ಕಸ ಗುಡಿಸಿದವರು ಅಂತ ಎಲ್ಲರ ಹೆಸರೂ ಹಾಕ್ತಾ ಹೋದ್ರೆ ಅದು ನನ್ನ ಪುಸ್ತಕ ಆಗಲ್ಲ, ಟೆಲಿಫೋನ್ ಡೈರೆಕ್ಟರಿ ಆಗುತ್ತೆ."

"ಮನೆ ಚುಕ್ಕಿ ಇಟ್ಟಿದ್ದು ಅಪ್ಪ, ಸಾಹೇಬ್ರೇ."

"ಹಾಗಂತ ಮನೇಲಿ ಹೇಳ್ಕೊಂಡಿದ್ನಾ? ಪಾಪ." ಅವರು ಕನ್ನಡಕ ಒರೆಸಿಕೊಂಡರು. "ನನ್ನ ಕಾಗದ ಬಂತಲ್ಲ? ಧೂಳು ಚೆನ್ನಾಗಿ ತೆಗಿ. ಅದು ನಿನ್ನ ಕೆಲಸ."

ಅವಳು ಬಸ್ಸು ಹತ್ತಲಿಲ್ಲ, ಪ್ರೆಸ್ಸಿನವರೆಗೂ ನಡೆದಳು. ಬಂದು ಕೂತು, ಖಾನೆಯಿಂದ ಹಸಿರು ಶಾಯಿಯ ಕಾಗದ ತೆಗೆದು ಮತ್ತೊಮ್ಮೆ ಓದಿದಳು. ಒಂದು ಕಣ ಧೂಳೂ ಉಳಿಯಕೂಡದು. ಆಗಲಿ ಸಾಹೇಬ್ರೇ, ನಿಮ್ಮ ಭಾಷೆಯಲ್ಲೇ ಆಗಲಿ. ಮೇಲಿನ ಪದರದ ಮುಂದೆ ಒಂದು ಪುಟ್ಟ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಆ ಪದರ ಮುಚ್ಚುತ್ತದೆ. ಒಂಬೈನೂರು ಪಟ್ಟಿಯಲ್ಲೂ ಒಂದೊಂದಾಗಿ ಒತ್ತುತ್ತ ಹೋದಳು. ಒತ್ತಿದ ಹಾಗೆಲ್ಲ ಒಂದೊಂದು ಆಕಾಶ ಆರಿತು. ಕ್ಯಾಪ್ಟನ್ನು ಡಾಂಬರಿನ ಡ್ರಮ್ಮಿನೊಳಗೆ ಸಿಕ್ಕಿಕೊಂಡವನಂತೆ ಕಂಡ.

ಮೋಸ ಮಾಡಲಿಲ್ಲ. ಪ್ರೂಫನ್ನು ಪುಟಪುಟವಾಗಿ ಅಚ್ಚು ಹಾಕಿ ಸಾಹೇಬರಿಗೆ ಕಳಿಸಿಕೊಟ್ಟಳು. ಕಾದಳು. ಒಂದು ಪುಟದಲ್ಲಾದರೂ, ಒಂದೇ ಒಂದು ಪುಟದಲ್ಲಾದರೂ, ಇಲ್ಲಿ ಏನೋ ಇಲ್ಲವಲ್ಲ ಎಂದು ಬರೆದಿದ್ದರೆ ಆ ಕ್ಷಣವೇ ಎಲ್ಲ ಪದರ ತೆರೆದು, ಸೋತೆ ಎಂದುಕೊಂಡು ಸುಮ್ಮನಾಗಿಬಿಡುತ್ತಿದ್ದಳು. ಹತ್ತನೇ ದಿನ ಕಟ್ಟು ವಾಪಸು ಬಂತು. ನಲವತ್ತೆರಡನೇ ಪುಟದಲ್ಲಿ ಕ್ಯಾಪ್ಟನ್ನನ ಗದ್ದ ಮಸುಕಾಗಿದೆ ಎಂದು ಬರೆದಿದ್ದರು. ಎರಡು ಕಡೆ ಅಲ್ಪವಿರಾಮ ತಿದ್ದಿದ್ದರು. ಉಳಿದಂತೆ ಮುನ್ನೂರು ಪುಟಕ್ಕೂ ಹಸಿರು ಶಾಯಿಯಲ್ಲಿ 'ಸರಿ', ಕೆಳಗೆ ಸಹಿ. ಪ್ರಕಾಶಕ ಸಾಹೇಬರ ಸಹಿ ನೋಡಿದ, ಪುಟ ನೋಡಲಿಲ್ಲ. ಪ್ರೆಸ್ಸಿನ ಯಜಮಾನ ಮಾತ್ರ ಏನಕ್ಕಾ ಇದು, ಇಷ್ಟು ಕಪ್ಪಗೆ ಎಂದ. ಸಾಹೇಬರು ಒಪ್ಪಿದ್ದಾರೆ ಎಂದಳು. ಮೂರು ಸಾವಿರ ಪ್ರತಿ ಅಚ್ಚಾಯಿತು.

ಬಿಡುಗಡೆಗೆ ದೊಡ್ಡ ಸಭಾಂಗಣ, ಐನೂರು ಕುರ್ಚಿ, ಬಾಗಿಲಲ್ಲೇ ಪುಸ್ತಕದ ಮಾರಾಟ. ಅವಳು ಕೊನೆಯ ಸಾಲಿನಲ್ಲಿ ಕೂತಳು, ಅಮ್ಮನನ್ನೂ ಕರೆದುಕೊಂಡು ಹೋಗಿದ್ದಳು, ಆದರೆ ಏನೂ ಹೇಳಿರಲಿಲ್ಲ. ಭಾಷಣಗಳು ಮುಗಿದು, ಯಾರಿಗಾದರೂ ಪ್ರಶ್ನೆ ಇದೆಯೇ ಎಂದಾಗ ಮುಂದಿನ ಸಾಲಿನಿಂದ ಒಬ್ಬ ಮುದುಕ ಎದ್ದ. ಬಸ್ ಕಂಡಕ್ಟರ್ ಆಗಿದ್ದವನಂತೆ. ಟಿಕೆಟ್ ಹರಿಯುವ ನಡುವೆ ಕತ್ತರಿಸಿಟ್ಟ 'ನೌಕೆ ಹನ್ನೊಂದು' ಪಟ್ಟಿಗಳನ್ನೆಲ್ಲ ಒಂದು ಹಳೆಯ ಡೈರಿಗೆ ಅಂಟಿಸಿಕೊಂಡು ತಂದಿದ್ದ.

"ಸ್ವಾಮಿ, ಅರ್ಧ ಗಂಟೆಯಿಂದ ಹುಡುಕ್ತಾ ಇದೀನಿ," ಎಂದ. "ಮನೆ ಚುಕ್ಕಿ ಎಲ್ಲಿ?"

ಸಾಹೇಬರು ನಕ್ಕು, ಕಣ್ಣಿದ್ದವರಿಗೆ ಕಾಣುತ್ತದೆ ಎಂದರು. ಸಭೆಯೂ ನಕ್ಕಿತು. ಮುದುಕ ಕೂರಲಿಲ್ಲ. ನಂದು ಕಣ್ಣಿನ ದೋಷ ಇರಬಹುದು, ನೀವೇ ಇಟ್ಟಿದ್ದಲ್ಲವಾ, ನೀವೇ ತೋರಿಸಿ ಎಂದ. ಸಾಹೇಬರು ಪುಸ್ತಕ ತೆರೆದರು. ಒಂದು ಪುಟ, ಇನ್ನೊಂದು ಪುಟ. ಸಭೆಯಲ್ಲಿ ಪುಸ್ತಕ ಕೊಂಡವರೂ ತೆರೆದರು. ಅಷ್ಟು ಜನ ಒಟ್ಟಿಗೆ ಪುಟ ತಿರುಗಿಸುವ ಸದ್ದು ಹೇಗಿರುತ್ತದೆಂದು ಸ್ಕ್ಯಾನರ್ ಅಕ್ಕನಿಗೆ ಅವತ್ತು ಗೊತ್ತಾಯಿತು. ಮನೆ ಚುಕ್ಕಿ ಇರಲಿ, ಯಾವ ಚುಕ್ಕಿಯೂ ಇಲ್ಲವಲ್ಲ ಎಂದು ಯಾರೋ ಅಂದರು. ಸಾಹೇಬರು ಕನ್ನಡಕ ತೆಗೆದರು, ಹಾಕಿದರು, ಪ್ರೆಸ್ಸಿನವರ ತಪ್ಪು ಎಂದರು. ಮೈಕಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಅವಳು ಒಂದೊಂದು ಉಸಿರನ್ನೂ ಕಿವಿತುಂಬ ಕೇಳಿಕೊಂಡಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಮ್ಮ ಕೇಳಿದಳು.

"ನೀನೇನಾ ಮಾಡಿದ್ದು?"

"ಹೂಂ."

"ಆ ಮುದಿಯ ಒಂದ್ಸಲ ನಿಮ್ಮಪ್ಪನ್ನ ಹೊರಗೆ ಹಾಕ್ದ. ನೀನು ಎರಡನೇ ಸಲ ಹಾಕ್ದೆ."

ಮಗಳು ಪದರದ ವಿಷಯ ಹೇಳಿದಳು. ಅಳಿಸಿಲ್ಲಮ್ಮಾ, ಮುಚ್ಚಿದ್ದೀನಿ ಅಷ್ಟೆ, ಒಂದೂ ಬಿಡದೆ ಎಲ್ಲ ನನ್ನ ಹತ್ತಿರ ಇದೆ ಎಂದಳು. ಪಿನ್ನಿಂದೂ ಇದೆಯಾ ಎಂದು ಅಮ್ಮ ಕೇಳಿದಳು. ಇದೆ ಎಂದ ಮೇಲೆ ಊಟಕ್ಕೆ ಎದ್ದಳು.

ಸೋಮವಾರ ಪ್ರಕಾಶಕ ಪ್ರೆಸ್ಸಿನ ಬಾಗಿಲಲ್ಲೇ ಕೂಗಾಡುತ್ತ ಬಂದ. ಕೊಂಡವರು ಪುಸ್ತಕ ವಾಪಸು ತರುತ್ತಿದ್ದಾರೆ, ಕೇಸು ಹಾಕುತ್ತೇನೆ, ಇವಳನ್ನು ಮೊದಲು ಹೊರಗೆ ಕಳಿಸಿ. ಸ್ಕ್ಯಾನರ್ ಅಕ್ಕ ಹಸಿರು ಶಾಯಿಯ ಕಾಗದವನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಮುನ್ನೂರು ಪುಟದ ಪ್ರೂಫು. ಸಾಹೇಬರ ಸ್ಟುಡಿಯೋದಲ್ಲಿ ನಕ್ಷತ್ರಕ್ಕೆ ಏನೆನ್ನುತ್ತಿದ್ದರು, ಅವರನ್ನೇ ಕೇಳಿ ಎಂದಳು. ಪ್ರಕಾಶಕ ನಾಲ್ಕು ಪುಟ ಮಗುಚಿ ನೋಡಿದ. 'ಸರಿ', 'ಸರಿ', 'ಸರಿ', 'ಸರಿ'. ದನಿ ತಾನಾಗೇ ಇಳಿಯಿತು. ಮೇಡಂ, ಹಾಕೋದಕ್ಕೆ ಆಗುತ್ತಾ ಎಂದು ಕೇಳಿದ. ಒಂದು ಬೆಳಿಗ್ಗೆಯ ಕೆಲಸ ಎಂದಳು. ಆದರೆ ಸಾಹೇಬರು ಇಲ್ಲಿಗೆ ಬರಬೇಕು. ತಾವೇ ಬರಬೇಕು.

ಪ್ರೆಸ್ಸಿನ ಯಜಮಾನ ಅವಳನ್ನು ಪಕ್ಕಕ್ಕೆ ಕರೆದು, ಅಕ್ಕಾ, ಅಷ್ಟು ದೊಡ್ಡವರನ್ನು ಕಾಗದದ ಚೂರಿನ ನಡುವೆ ಕೂರಿಸೋದಾ ಎಂದು ಪಿಸುಗುಟ್ಟಿದ. ಅಲ್ಲೇ ಕೂರಿಸಿ ಎಂದಳು.

ಬುಧವಾರ ಮಧ್ಯಾಹ್ನ ಸಾಹೇಬರು ಬಂದರು. ಅದೇ ಕಪ್ಪು ಕೋಟು. ಕಾಗದ ಕತ್ತರಿಸುವ ಯಂತ್ರದ ಪಕ್ಕ ಅವಳು ಒಂದು ಸ್ಟೂಲು ಹಾಕಿಸಿದ್ದಳು. ಬೆನ್ನಿಗೆ ಕಾಗದದ ಅಟ್ಟಿ. ಆ ಯಂತ್ರ ಬೆಳಗಿನಿಂದ ಓಡಿ ಆಗಷ್ಟೇ ನಿಂತಿತ್ತು, ಅದರ ಸುತ್ತ ಬಿಳಿ ಪುಡಿ ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು. ಅಮ್ಮ ಎದುರಿಗೆ ಕೂತಿದ್ದಳು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಪ್ರಕಾಶಕ, ಯಜಮಾನ ಇಬ್ಬರೂ ನಿಂತಿದ್ದರು.

ಸ್ಕ್ಯಾನರ್ ಅಕ್ಕ ಮೇಜಿನ ಮೇಲೆ ಒಂದು ಹಾಳೆ ಹಾಸಿದಳು. ಒಂದೇ ಚೌಕವನ್ನು ದೊಡ್ಡದು ಮಾಡಿ ಹಾಕಿದ ಅಚ್ಚು. ನೌಕೆ ಇಲ್ಲ, ಕ್ಯಾಪ್ಟನ್ನಿಲ್ಲ, ಗದ್ದವಿಲ್ಲ. ಕಪ್ಪು, ಅದರ ಮೇಲೆ ಇನ್ನೂರೋ ಮುನ್ನೂರೋ ಬಿಳಿ ಚುಕ್ಕಿ.

"ಕೊನೆಗೆ ಕೈಯಾರೆ ಒಂದು ಇಡ್ತಿದ್ದೆ ಅಂದ್ರಲ್ಲ ಸಾಹೇಬ್ರೇ. ಇದರಲ್ಲಿ ಅದು ಯಾವುದು ತೋರಿಸಿ. ತೋರಿಸಿದ್ರೆ ಎಲ್ಲಾನೂ ವಾಪಸ್ ಹಾಕಿ, ತಪ್ಪಾಯ್ತು ಅಂತ ನಾನೇ ಬರೆದುಕೊಡ್ತೀನಿ."

ನೌಕೆ ಇಲ್ಲದೆ ಹೇಗೆ ಎಂದರು ಸಾಹೇಬರು. ಇಟ್ಟವರಿಗೆ ನೌಕೆ ಬೇಕಾಗಲ್ಲ ಎಂದಳು. ಅವರು ಬಾಗಿದರು. ಕನ್ನಡಕದಲ್ಲಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಭೂತಗನ್ನಡಿ ಕೇಳಿ ಇಸಿದುಕೊಂಡು ನೋಡಿದರು. ಬೆರಳು ಹಾಳೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಮತ್ತೆ ಬಂತು. ಪ್ರಕಾಶಕ ಗಡಿಯಾರ ನೋಡಿಕೊಂಡ. ಕೊನೆಗೆ ಬೆರಳು ಒಂದು ಕಡೆ ನಿಂತಿತು. ಎಲ್ಲಕ್ಕಿಂತ ದೊಡ್ಡದು, ಬೆಳ್ಳಗಿನದು.

"ಇದು," ಎಂದರು.

ಅವಳು ಬಗ್ಗಿ, ಮೆಲ್ಲಗೆ ಊದಿದಳು. ಚುಕ್ಕಿ ಹಾರಿಹೋಯಿತು.

ಯಾರೂ ನಗಲಿಲ್ಲ. ಅಮ್ಮ ಭೂತಗನ್ನಡಿಯನ್ನು ಸಾಹೇಬರ ಕೈಯಿಂದ ತೆಗೆದುಕೊಂಡು, ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸ್ವಲ್ಪ ಹೊತ್ತಾಯಿತು, ಅವಳ ಕಣ್ಣೂ ಮೊದಲಿನ ಹಾಗಿಲ್ಲ. ಆಮೇಲೆ ಮುಡಿಯಿಂದ ಒಂದು ಪಿನ್ನು ಕಿತ್ತು, ಬಲಗಡೆ ಕೆಳಗೆ, ಯಾರೂ ನೋಡದಂಥ ಒಂದು ಕಡೆ, ಎಳ್ಳಿನಷ್ಟು ಉದ್ದದ ಚುಕ್ಕಿಯ ಮೇಲೆ ಅದರ ತುದಿ ಇಟ್ಟಳು. ಸಾಹೇಬರು ಪಿನ್ನನ್ನು ನೋಡಿದರು, ಚುಕ್ಕಿಯನ್ನು ನೋಡಿದರು. ಅವರಿಗೂ ಅರ್ಥವಾಯಿತು. ಅರ್ಥವಾಗಲಿ ಎಂದೇ ಇಟ್ಟದ್ದು.

ಸ್ಕ್ಯಾನರ್ ಅಕ್ಕ ಬಿಳಿ ಕಾಗದ ಮುಂದಿಟ್ಟು ಬರೆಯಿರಿ ಎಂದಳು. ಹೊಸ ಅಚ್ಚಿನ ಮೊದಲ ಪುಟಕ್ಕೆ, ಅವರ ಕೈಬರಹದಲ್ಲೇ. ಸಾಹೇಬರು ಹಸಿರು ಪೆನ್ನು ತೆಗೆದರು. ಈ ಪುಸ್ತಕದ ಎಲ್ಲ ನಕ್ಷತ್ರಗಳನ್ನೂ ಮನೆ ಚುಕ್ಕಿಯನ್ನೂ ಹಾಕಿದವರು, ಎಂದು ಅವಳು ಹೇಳಿದಂತೆ ಬರೆದರು. ಅಲ್ಲಿಗೆ ಪೆನ್ನು ನಿಂತಿತು.

"ಅವನ ಹೆಸರು," ಎಂದರು. "ಪೂರ್ತಿ ಹೆಸರು ಏನಮ್ಮಾ?"

ಹನ್ನೊಂದು ವರ್ಷ ಒಂದೇ ಕೋಣೆ. ಅವರ ಮೇಜಿಗೂ ಅಪ್ಪನ ಸ್ಟೂಲಿಗೂ ನಡುವೆ ಆರು ಅಡಿಯೂ ಇರಲಿಲ್ಲ.

ಸ್ಕ್ಯಾನರ್ ಅಕ್ಕ ಬಾಯಿ ತೆರೆದಳು, ಬಂದದ್ದು ಬೈಗುಳ, ನುಂಗಿಕೊಂಡಳು. ಹೆಸರು ಹೇಳಿದವಳು ಅಮ್ಮ. ಒಂದನೇ ಕ್ಲಾಸಿನ ಮಗುವಿಗೆ ಹೇಳಿದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಸಾಹೇಬರು ಬರೆದು ತೋರಿಸಿದರು. ಅಮ್ಮ ಭೂತಗನ್ನಡಿ ಹಿಡಿದು ನೋಡಿ, ಒತ್ತು ಬಿಟ್ರಿ ಎಂದಳು. ಅವರು ಹೊಡೆದುಹಾಕಿ ಮತ್ತೆ ಬರೆದರು. ದೀರ್ಘ ಎಲ್ಲಿ ಎಂದಳು. ಮೂರನೆಯ ಸಲಕ್ಕೆ ಸರಿಯಾಯಿತು. ಸರಿ, ಎಂದಳು ಅಮ್ಮ.

ಕೈ ರೂಢಿಯಂತೆ ಕೆಳಕ್ಕೆ ಇಳಿಯಿತು. ಸಹಿಯ ಮೊದಲ ಸುಳಿ ಶುರುವಾಗುವ ಮುಂಚೆಯೇ ಸ್ಕ್ಯಾನರ್ ಅಕ್ಕ ಕಾಗದ ಎಳೆದುಕೊಂಡಳು.

"ಸಹಿ ಬೇಡ," ಎಂದಳು.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, ಮೇಜು ಹಿಡಿದು ಎದ್ದು, ಬಾಗಿಲ ಕಡೆಗೆ ನಡೆದರು. ಹೊರಗೆ ಅವರಿಗಾಗಿ ಕಾರು ನಿಂತಿತ್ತು, ಕಾರಿನ ಸುತ್ತ ನಕ್ಷತ್ರವಿಲ್ಲದ ಪುಸ್ತಕದ ಸುದ್ದಿ ಹಿಡಿದು ಬಂದ ಪತ್ರಿಕೆಯವರು ನಾಲ್ಕು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಕಪ್ಪು ಕೋಟಿನ ಬೆನ್ನಿನ ತುಂಬ, ಹೆಗಲಿನಿಂದ ಅಂಚಿನವರೆಗೆ, ಕಾಗದದ ಬಿಳಿ ಪುಡಿ ಸಣ್ಣ ಸಣ್ಣ ಚುಕ್ಕಿಯಾಗಿ ಕೂತಿತ್ತು. ಕೊಡವಿಕೊಳ್ಳಿ ಎಂದು ಹೇಳಲು ಯಜಮಾನ ಒಂದು ಹೆಜ್ಜೆ ಮುಂದಿಟ್ಟ. ಅಮ್ಮ ಅವನ ಕಡೆ ಒಮ್ಮೆ ನೋಡಿದಳು. ಅವನು ನಿಂತ.

ಅಮ್ಮ ಪಿನ್ನನ್ನು ಸೆರಗಿನಲ್ಲಿ ಒರೆಸಿ ಮತ್ತೆ ಮುಡಿಗೆ ಸಿಕ್ಕಿಸಿಕೊಂಡಳು.